ಕಾಗದದ ಮರೆ

ಬಳಗಕ್ಕೆ ಒಂದು ಗಂಭೀರವಾದ ಹೆಸರು ಇದ್ದೇ ಇತ್ತು. ವಿಜ್ಞಾನದ ಕಲ್ಪನೆಯ ಕತೆ, ಮಾಯಾಲೋಕದ ಕತೆ ಬರೆಯುವವರ ಬಳಗ ಎಂದು ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದರು. ಆದರೆ ಸದಾ ಬೇರೆ ಬೇರೆ ಗ್ರಹಗಳಲ್ಲೇ ಅಲೆಯುವ ಈ ಜನರನ್ನು ಯಾರೋ ಒಮ್ಮೆ 'ಗ್ರಹಚಾರ ಸಂಘ' ಎಂದು ಕರೆದರು, ಆ ಹೆಸರೇ ನಿಂತುಬಿಟ್ಟಿತು. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಅವಳು ಚಪ್ಪಲಿ ಮೆಟ್ಟಿ ಸಂಘಕ್ಕೆ ಹೊರಟರೆ, ಗ್ರಹಚಾರ ತಾನಾಗಿಯೇ ಮನೆಗೆ ಬರುತ್ತದಲ್ಲ, ಹುಡುಕಿಕೊಂಡು ಯಾಕೆ ಹೋಗಬೇಕು ಎಂದು ಗಂಡ ಛೇಡಿಸುವುದು ವಾಡಿಕೆಯಾಗಿತ್ತು.

ಅವಳಿಗೆ ಅಲ್ಲಿ ಕಿವಿ ಮೇಡಂ ಎಂದು ಹೆಸರು. ಕಿವಿ-ಮೂಗು-ಗಂಟಲಿನ ದವಾಖಾನೆಯೊಂದರಲ್ಲಿ ಜನರ ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ. ಹೊರಗಿನ ಸದ್ದು ಒಳಗೆ ಬಾರದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಗಾಜಿನ ಈಚೆಯಿಂದ ಸಣ್ಣ ಸಣ್ಣ ಶಬ್ದಗಳನ್ನು ಕಳಿಸುವುದು, ಕೇಳಿಸಿದಾಗ ಅವರು ಗುಂಡಿ ಒತ್ತುವುದು. ಹಗಲೆಲ್ಲ ಬೇರೆಯವರ ಮುಖ ನೋಡುತ್ತ ಕೂತು ಅಭ್ಯಾಸವಾದವಳು, ತನ್ನ ಮುಖವನ್ನು ನಾಲ್ಕು ಜನ ನೋಡುತ್ತಾರೆಂದರೆ ಬೆವರುತ್ತಿದ್ದಳು. ಸಂಘಕ್ಕೆ ಸೇರಿ ವರ್ಷವಾಗುತ್ತ ಬಂದರೂ ಒಂದು ಕತೆಯನ್ನೂ ಓದಿರಲಿಲ್ಲ. ಈ ಸಲ ಯಾರು ಓದಬೇಕೆಂದು ಚೀಟಿ ಎತ್ತಿದಾಗ, ಮುಂದಿನದರ ಮುಂದಿನ ಸಭೆಗೆ ಅವಳ ಹೆಸರು ಬಂದಿತ್ತು.

ಸಂಘ ಸೇರುತ್ತಿದ್ದುದು ಒಂದು ಡ್ರೈವಿಂಗ್ ಸ್ಕೂಲಿನ ಮಹಡಿಯ ಮೇಲೆ. ಗೋಡೆ ತುಂಬ ರಸ್ತೆಯ ಚಿಹ್ನೆಗಳು. ಕತೆ ಓದುವವರ ತಲೆಯ ಮೇಲೇ 'ಮುಂದೆ ಇಳಿಜಾರು' ಎಂದು ಬರೆದಿತ್ತು. ಸ್ಕೂಲಿನ ಯಜಮಾನ ಬರೆಯುತ್ತಿದ್ದುದು ಡ್ರ್ಯಾಗನ್‌ಗಳ ಕತೆ. ಆ ಡ್ರ್ಯಾಗನ್‌ಗಳು ಎಷ್ಟೇ ಕೋಪದಲ್ಲಿ ಬೆಂಕಿ ಉಗುಳುತ್ತಿದ್ದರೂ ತಿರುಗುವ ಮೊದಲು ಬಾಲ ಆಡಿಸಿ ಸನ್ನೆ ಮಾಡದೆ ಇರುತ್ತಿರಲಿಲ್ಲ. ಔಷಧಿ ಅಂಗಡಿಯವನದು ಕಾಲದಲ್ಲಿ ಹಿಂದೆ ಮುಂದೆ ಓಡಾಡುವವರ ಕತೆ. ಯಾವ ಶತಮಾನದಲ್ಲಿ ಇಳಿದರೂ ಅವನ ನಾಯಕನಿಗೆ ಮೊದಲು ನೆಗಡಿ ಹಿಡಿಯುತ್ತಿತ್ತು.

ಇವರ ಬಗ್ಗೆ ಅವಳಿಗೇನೂ ಹೆದರಿಕೆಯಿರಲಿಲ್ಲ. ಹೆದರಿಕೆಯಿದ್ದುದು ಕತ್ತರಿ ಸಾರ್ ಬಗ್ಗೆ. ಅವರು ಪುಸ್ತಕ ಅಚ್ಚು ಹಾಕುವಲ್ಲಿ ಕರಡು ತಿದ್ದುತ್ತ ತಲೆ ಬೆಳ್ಳಗೆ ಮಾಡಿಕೊಂಡವರು. ಈಗ ನಿವೃತ್ತರಾಗಿ ತಮ್ಮ ಅಕ್ಕನ ಮನೆಯಲ್ಲಿದ್ದರು. ಸಂಘ ಕಟ್ಟಿದವರೂ ಅವರೇ, ಅದರ ನಿಯಮ ಮಾಡಿದವರೂ ಅವರೇ. ಕತೆಯ ಪ್ರತಿಯನ್ನು ಯಾರಿಗೂ ಹಂಚುವಂತಿಲ್ಲ, ಕತೆ ಕಿವಿಗೆ ಬಿದ್ದು ನಿಲ್ಲಬೇಕು ಎಂಬುದು ಮೊದಲ ನಿಯಮ. ಬರೆದವರು ಓದಬೇಕು, ಆಮೇಲೆ ಒಬ್ಬೊಬ್ಬರಾಗಿ ಮಾತಾಡಬೇಕು, ಎಲ್ಲ ಮುಗಿಯುವವರೆಗೆ ಬರೆದವರು ಬಾಯಿ ಬಿಡಬಾರದು. ಕತ್ತರಿ ಸಾರ್ ಕೊನೆಗೆ ಮಾತಾಡುತ್ತಿದ್ದರು. ನಾಲ್ಕೇ ಮಾತು. ಆ ನಾಲ್ಕು ಮಾತು ಕೇಳಿ ಕತೆಯನ್ನು ಸುರುಳಿ ಸುತ್ತಿ ಮೆಟ್ಟಿಲಿಳಿದು ಹೋದವರು ಉಂಟು, ಅದೇ ಮಾತು ಹಿಡಿದು ಒಳ್ಳೆಯ ಕತೆ ಬರೆದವರೂ ಉಂಟು.

ಅವಳ ಹೆಸರು ಬಂದ ಆ ಶನಿವಾರವೇ ಓದಿದವಳು ಪುಟ್ಟ ಟೀಚರ್. ಶಿಶುವಿಹಾರದಲ್ಲಿ ಪಾಠ ಹೇಳುವ ಹುಡುಗಿ, ಸಂಘಕ್ಕೆ ಹೊಸಬಳು. ದನಿ ಎಷ್ಟು ಮೆಲ್ಲಗೆಂದರೆ ಗುಟ್ಟು ಹೇಳಿದ ಹಾಗೆ. ಅವಳ ಕತೆಯ ಊರಿನಲ್ಲಿ ಮಕ್ಕಳಿಗೆ ಹುಟ್ಟುವಾಗ ನೆರಳಿರುವುದಿಲ್ಲ. ಆರು ತುಂಬಿದ ಮೇಲೆ ಹೊಲಿಸಿ ಕೊಡುತ್ತಾರೆ. ಬಡವರ ಮನೆಯ ತಂಗಿಯೊಬ್ಬಳಿಗೆ ಅಕ್ಕನ ಹಳೆಯ ನೆರಳೇ ಗತಿ. ಅದು ಉದ್ದ, ಕಾಲಿಗೆ ತೊಡರುತ್ತದೆ, ಅಕ್ಕ ಹೋದ ಕಡೆಗೇ ಎಳೆಯುತ್ತದೆ. ಕಿವಿ ಮೇಡಂ ಕೇಳುತ್ತ ಕೇಳುತ್ತ ಕುರ್ಚಿಯ ಅಂಚಿಗೆ ಬಂದಿದ್ದಳು. ತನಗೆ ಇಂಥದ್ದು ಹೊಳೆಯಲಿಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಉಳಿದವರೆಲ್ಲ ಹೊಗಳಿದರು. ಕತ್ತರಿ ಸಾರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. "ಈ ಕತೆಗೆ ದನಿಯೇ ಇಲ್ಲ" ಎಂದರು. ಅಷ್ಟೇ. ಪುಟ್ಟ ಟೀಚರ್ ಕಾಗದಗಳನ್ನು ಅಂಚಿಗೆ ಅಂಚು ಸರಿಯಾಗಿ ಜೋಡಿಸಿದಳು, ಮತ್ತೆ ಜೋಡಿಸಿದಳು, ಚೀಲಕ್ಕೆ ಹಾಕಿದಳು. ಮುಂದಿನ ಸಲ ಅವಳು ಬರಲಿಲ್ಲ.

ಕಿವಿ ಮೇಡಂಗೆ ಅನುಮಾನ ಹುಟ್ಟಿದ್ದು ಅಂದೇ. ಓದುತ್ತಿದ್ದಷ್ಟು ಹೊತ್ತೂ ಕತ್ತರಿ ಸಾರ್ ಹುಡುಗಿಯ ತುಟಿಯ ಮೇಲಿಂದ ಕಣ್ಣು ತೆಗೆದಿರಲಿಲ್ಲ. ನಡುವೆ ಒಮ್ಮೆ ಎಲ್ಲರೂ ನಕ್ಕಾಗ, ಒಂದು ಗಳಿಗೆ ತಡೆದು ನಕ್ಕಿದ್ದರು. ದವಾಖಾನೆಯಲ್ಲಿ ಇಂಥ ನಗುವನ್ನು ಅವಳು ದಿನಾ ನೋಡುತ್ತಿದ್ದಳು. ಆದರೂ ದೊಡ್ಡವರ ವಿಷಯ, ಇಲ್ಲದ್ದನ್ನು ಊಹಿಸಬಾರದು ಎಂದು ತನಗೆ ತಾನೇ ಹೇಳಿಕೊಂಡಳು.

ಮುಂದಿನ ಸಭೆಯಲ್ಲಿ ಊಹಿಸುವ ಅಗತ್ಯವೂ ಉಳಿಯಲಿಲ್ಲ. ಡ್ರೈವಿಂಗ್ ಸ್ಕೂಲಿನ ಯಜಮಾನ ಕತ್ತರಿ ಸಾರ್ ಹಿಂದೆ ನಿಂತು, ಕಿಟಕಿ ಮುಚ್ಚಲಾ ಎಂದು ಕೇಳಿದ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದ. ಕತ್ತರಿ ಸಾರ್ ಮಗ್ಗುಲಿಗೂ ತಿರುಗಲಿಲ್ಲ. ಏನೋ ಆಳವಾದ ಯೋಚನೆಯಲ್ಲಿದ್ದಾರೆ ಎಂದು ಯಜಮಾನ ಬೆರಳ ತುದಿಯಲ್ಲಿ ನಡೆದು ಹಿಂದಕ್ಕೆ ಹೋದ. ಕಿವಿ ಮೇಡಂ ಮಾತ್ರ ಲೆಕ್ಕ ಹಾಕುತ್ತಲೇ ಇದ್ದಳು: ಬೆಳಕು ಎದುರಿನವರ ಮುಖಕ್ಕೆ ಬೀಳುವ ಹಾಗೆ ಕಿಟಕಿಯ ಪಕ್ಕದ ಕುರ್ಚಿ. ಎಲ್ಲರೂ ಮಾತಾಡಿದ ಮೇಲೆ ಅವರ ಮಾತು. ಅಷ್ಟರೊಳಗೆ ಅಲ್ಲಿ ಇಲ್ಲಿ ಸಿಕ್ಕಿದ ಚೂರುಗಳಿಂದ ಕತೆ ಕಟ್ಟಿಕೊಳ್ಳಬಹುದು. ಔಷಧಿ ಅಂಗಡಿಯವನ ದನಿ ದಪ್ಪ, ಅವನ ಕತೆಯ ಬಗ್ಗೆ ಅವರು ಆಡುವ ಮಾತು ಇವತ್ತಿಗೂ ಕೂದಲು ಸೀಳಿದ ಹಾಗೆ ಇರುತ್ತದೆ. ಸಣ್ಣ ದನಿಯ ಹೆಂಗಸರ ಕತೆಗಳ ಬಗ್ಗೆ ಮಾತ್ರ ಇತ್ತೀಚೆಗೆ ಮೋಡದ ಹಾಗಿನ ಮಾತು.

ಆ ಹದಿನೈದು ದಿನ ಅವಳಿಗೆ ಊಟ ಸೇರಲಿಲ್ಲ. ಕತೆ ಸಿದ್ಧವಾಗಿತ್ತು. ಮುನ್ನೂರು ಜನರನ್ನು ನಿದ್ದೆಯಲ್ಲಿಟ್ಟುಕೊಂಡು ದೂರದ ಗ್ರಹಕ್ಕೆ ಹೋಗುವ ಹಡಗು. ಅದರಲ್ಲಿ ಎಚ್ಚರವಾಗಿರುವವಳು ಕಾವಲಿನ ಹೆಂಗಸೊಬ್ಬಳೇ. ಅವಳು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಉಸಿರು ಕೇಳುತ್ತಾಳೆ. ಒಂದು ದಿನ ಒಬ್ಬನ ಉಸಿರು ಕೇಳಿಸುವುದಿಲ್ಲ. ಪಕ್ಕದಲ್ಲೇ ಅವನ ಹೆಂಡತಿ ಮಲಗಿದ್ದಾಳೆ. ಎಬ್ಬಿಸಿ ಹೇಳಬೇಕೋ, ದಡ ಸೇರುವವರೆಗೆ ನಿದ್ದೆ ಮಾಡಲು ಬಿಡಬೇಕೋ? ಕಾವಲಿನವಳು ಎಬ್ಬಿಸುವುದಿಲ್ಲ, ಕತೆ ಅಲ್ಲಿಗೆ ಮುಗಿಯುತ್ತದೆ. ಆ ಕೊನೆಯ ಬಗ್ಗೆ ಅವಳಿಗೇ ಧೈರ್ಯವಿರಲಿಲ್ಲ. ಕತ್ತರಿ ಸಾರ್ ಹಿಡಿಯುವುದು ಅಲ್ಲೇ ಎಂದು ಗೊತ್ತಿತ್ತು.

ಕನ್ನಡಿಯ ಮುಂದೆ ನಿಂತು ಓದಿ ನೋಡುತ್ತಿದ್ದಾಗ, ಕಾಗದ ಸ್ವಲ್ಪ ಮೇಲೆ ಬಂದು ಬಾಯಿ ಮುಚ್ಚಿತು. ಅವಳು ಹಾಗೇ ನಿಂತಳು. ಕಾಗದವನ್ನು ಇಷ್ಟು ಎತ್ತಿ ಹಿಡಿದರೆ ಸಾಕು. ಅವರಿಗೆ ಒಂದಕ್ಷರವೂ ಸಿಗುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನಾಚಿಕೆಯಿಂದ ಅವಳು ಕಾಗದವನ್ನು ಮಂಚದ ಮೇಲೆ ಒಗೆದಳು.

ಗಂಡ ಲಿಫ್ಟ್ ರಿಪೇರಿ ಕೆಲಸದವನು, ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಬಂದ. ಇಷ್ಟು ಹೆದರಿಕೊಂಡು ಯಾಕೆ ಓದಬೇಕು, ಮುಂದಕ್ಕೆ ಹಾಕು ಎಂದ.

"ರೀ, ಒಬ್ಬರಿಗೆ ಕಿವಿ ಕೇಳಿಸ್ತಾ ಇಲ್ಲ ಅಂತ ನಿಮಗೆ ಗೊತ್ತಿದ್ರೆ, ಅವರಿಗೆ ಹೇಳ್ತೀರಾ?"

"ಕೇಳಿಸದೇ ಇರೋರಿಗೆ ಹೇಗೆ ಹೇಳೋದು?" ಎಂದು ನಕ್ಕ. ಅವಳು ನಗಲಿಲ್ಲ. ಲಿಫ್ಟಿನ ಹಗ್ಗ ಸವೆದಿದೆ ಅಂತ ಕಂಡರೆ ನಾನಂತೂ ಬಾಯಿ ಮುಚ್ಚಿಕೊಂಡಿರುವುದಿಲ್ಲ ಎಂದು ಹೇಳಿ ಕೈ ತೊಳೆಯಲು ಹೋದ.

ಶನಿವಾರ ಬಂತು. ಅವಳು ಕುರ್ಚಿಯಿಂದ ಎದ್ದು ಎಲ್ಲರ ಮುಂದೆ ನಿಂತಳು. ಕಾಗದವನ್ನು ಎದೆಯ ಮಟ್ಟಕ್ಕೆ ಹಿಡಿಯಬೇಕು, ಬೆಳಕಿಗೆ ಮುಖ ಕೊಡಬೇಕು, ನಿಧಾನವಾಗಿ ಓದಬೇಕು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೇ ಬಂದಿದ್ದಳು. ಮೊದಲ ಸಾಲು ಹಾಗೇ ಓದಿದಳು. ಆಗ ಕತ್ತರಿ ಸಾರ್ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು ಅವಳ ಬಾಯನ್ನೇ ನೋಡತೊಡಗಿದರು. ಕೈ ತಾನಾಗಿಯೇ ಮೇಲೆದ್ದಿತು. ಉಳಿದ ಕತೆಯನ್ನೆಲ್ಲ ಅವಳು ಕಾಗದದ ಮರೆಯಿಂದಲೇ ಓದಿ ಮುಗಿಸಿದಳು.

ಔಷಧಿ ಅಂಗಡಿಯವನು ಕಣ್ಣೊರೆಸಿಕೊಂಡು, ಹಡಗಿನಲ್ಲಿ ಒಬ್ಬ ವೈದ್ಯನನ್ನಾದರೂ ಇಡಬಹುದಿತ್ತು ಎಂದ. ಯಜಮಾನ ಬಹಳ ಮೆಚ್ಚಿದ. ಕತ್ತರಿ ಸಾರ್ ಗಂಟಲು ಸರಿಮಾಡಿಕೊಂಡು, ಕತೆ ಚೆನ್ನಾಗಿ ಬಂದಿದೆ, ಮುಂದುವರಿಸಿ ಎಂದರು. ಎಲ್ಲರಿಗೂ ಆಶ್ಚರ್ಯ. ಅವರಿಂದ ಇಂಥ ಮಾತು ಕೇಳಿದವರೇ ಇರಲಿಲ್ಲ. ಚಪ್ಪಾಳೆ ಬಿತ್ತು. ಅವಳಿಗೆ ಆ ಚಪ್ಪಾಳೆ ಕಿವಿಯಲ್ಲಿ ಕಾದ ಎಣ್ಣೆ ಹೊಯ್ದ ಹಾಗಿತ್ತು.

ಮೆಟ್ಟಿಲಿಳಿದು ಬೀದಿಗೆ ಬಂದಾಗ ಹಿಂದಿನಿಂದ ಊರುಗೋಲಿನ ಸದ್ದು ಕೇಳಿಸಿತು. ಕತ್ತರಿ ಸಾರ್ ಅವಳ ಎದುರಿಗೆ ಬಂದು ನಿಂತರು.

"ಕಾಗದ ಯಾಕೆ ಎತ್ತಿ ಹಿಡಿದ್ರಿ, ಮೇಡಂ?"

ಅವಳು ಕಾಗದಗಳನ್ನು ಚೀಲದೊಳಗೆ ತುರುಕಿದಳು.

"ಉಳಿದೋರೂ ಹಿಡೀತಾರೆ, ಅಭ್ಯಾಸ ಅವರಿಗೆ. ನೀವು ಮೊದಲು ಕೆಳಗೆ ಹಿಡಿದಿದ್ರಿ. ನನ್ನ ನೋಡಿದ್ರಿ. ಆಮೇಲೆ ಎತ್ತಿದ್ರಿ. ಅಂದ್ರೆ ನಿಮಗೆ ಗೊತ್ತಾಗಿದೆ."

"ತಪ್ಪಾಯ್ತು ಸಾರ್" ಎಂದಳು. ಅಷ್ಟು ಹೇಳುವಾಗಲೂ ಅವರಿಗೆ ಕಾಣಲೆಂದು ಬೆಳಕಿನ ಕಡೆಗೆ ಮುಖ ತಿರುಗಿಸಿದ್ದಳು. ಅದನ್ನು ಅವರೂ ಗಮನಿಸಿದರು. ಅವರ ಮುಖದಲ್ಲಿದ್ದುದು ಸಿಟ್ಟಲ್ಲ, ಭಯ. ಅವಳು ಯಾರಿಗಾದರೂ ಹೇಳಿಬಿಟ್ಟಳೋ ಏನೋ ಎಂಬ ಭಯ. ಅದನ್ನು ಕಂಡು ಅವಳಿಗೆ ಇನ್ನೂ ಕಷ್ಟವಾಯಿತು.

ಎರಡು ವರ್ಷದಿಂದ ಹೀಗಾಗಿದೆಯಂತೆ. ಮೊದಲು ಹಕ್ಕಿಗಳು ಹೋದವು, ಆಮೇಲೆ ಮನೆಯ ಕರೆಗಂಟೆ, ಆಮೇಲೆ ಅಕ್ಕನ ಮಾತು. ಅಕ್ಕ ಬೈಯುವುದು ಕೇಳಿಸದಿದ್ದಾಗ ಮೊದಮೊದಲು ಸುಖವೇ ಅನ್ನಿಸಿತ್ತಂತೆ. ಪ್ರತಿ ಹಂಚಬಾರದೆಂಬ ನಿಯಮವನ್ನು ಬದಲಾಯಿಸೋಣ ಎಂದು ಹಲವು ಸಲ ಬಾಯಿಗೆ ಬಂದಿತ್ತು. ಯಾಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

"ಕಿವಿ ಹೋಯ್ತು ಅಂತ ಗೊತ್ತಾದ್ರೆ ಯಾರೂ ಹೊರಗೆ ಹಾಕಲ್ಲ. ಮರ್ಯಾದೆಯಿಂದ ಮುಂದೇನೇ ಕೂರಿಸ್ತಾರೆ. ಆದ್ರೆ ಆಮೇಲೆ ನನ್ನ ಏನೂ ಕೇಳಲ್ಲ" ಎಂದರು. "ಯಾರಿಗೂ ಹೇಳಬೇಡಿ."

ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಳು. ಕೊಟ್ಟ ಮೇಲೆ, ಪುಟ್ಟ ಟೀಚರ್ ಯಾಕೆ ಬರುತ್ತಿಲ್ಲ ಗೊತ್ತೇ ಎಂದು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಅವಳು ಆವತ್ತಿನ ಮಾತನ್ನು ನೆನಪಿಸಿದಳು. ಕತ್ತರಿ ಸಾರ್ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ದನಿ ಇಲ್ಲ ಅಂದೆನಾ? ಅದು ಕತೆಗೆ ಹೇಳಿದ್ದಲ್ಲ. ನನಗೆ ಏನೂ ಕೇಳಿಸಲಿಲ್ಲ, ಅದೇ ಬಾಯಿಗೆ ಬಂದುಬಿಡ್ತು." ಆಮೇಲೆ ಅವಳ ತುಟಿಯನ್ನೇ ನೋಡುತ್ತ, "ಕತೆ ಹೇಗಿತ್ತು?" ಎಂದರು.

ಈ ವರ್ಷ ಕೇಳಿದ್ದರಲ್ಲೇ ಒಳ್ಳೆಯದು ಎಂದಳು. ಅವರು ಅವಳ ದವಾಖಾನೆಯ ವಿಳಾಸ ಕೇಳಿಕೊಂಡು ಹೊರಟರು.

ಸೋಮವಾರ ಅವರು ದವಾಖಾನೆಗೆ ಬಂದರು. ಗಾಜಿನ ಆಚೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರೀಕ್ಷೆಗೆ ಕೂತ ಶಾಲೆಯ ಹುಡುಗನ ಹಾಗೆ ಗುಂಡಿ ಹಿಡಿದು ಕೂತರು. ಅವಳು ಶಬ್ದ ಕಳಿಸಿದಳು. ಒತ್ತಲಿಲ್ಲ. ಜೋರು ಮಾಡಿದಳು. ಒತ್ತಲಿಲ್ಲ. ಇನ್ನೂ ಜೋರು ಮಾಡುವ ಮೊದಲು, ಸುಮ್ಮನೆ ಇದ್ದ ಹೊತ್ತಿನಲ್ಲಿ, ಅವರು ಟಕ್ಕೆಂದು ಒತ್ತಿದರು. ಮತ್ತೆ ಒತ್ತಿದರು. ಫೇಲಾಗಬಾರದೆಂದು ಊಹೆಯ ಮೇಲೆ ಒತ್ತುತ್ತಿದ್ದರು. ಹೀಗೆ ಮಾಡುವ ಮುದುಕರು ಎಷ್ಟೋ ಜನ ಬರುತ್ತಾರೆ, ಅವಳು ಸಲೀಸಾಗಿ ತಿದ್ದುತ್ತಾಳೆ. ಇವತ್ತು ಕೈ ಆಡಲಿಲ್ಲ. ಕೊನೆಗೆ ಒಳಗೆ ಹೋಗಿ ಅವರ ಮುಂದೆ ಬಗ್ಗಿ ನಿಂತು, "ಸಾರ್, ಈಗ ನಾನು ಶಬ್ದ ಕಳಿಸಿರಲಿಲ್ಲ" ಎಂದಳು. ಅವರು ಗುಂಡಿಯಿಂದ ಬೆರಳು ತೆಗೆದರು. ಆಮೇಲೆ ಕೇಳಿಸಿದಾಗ ಮಾತ್ರ ಒತ್ತಿದರು. ಬಹಳ ಕಡಿಮೆ ಸಲ ಒತ್ತಿದರು.

ಕಿವಿಗೆ ಯಂತ್ರ ಹಾಕಿಕೊಂಡರೆ ಅರ್ಧದಷ್ಟಾದರೂ ವಾಪಸು ಬರುತ್ತದೆ, ಎಲ್ಲವೂ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಹೊರಡುವ ಮುಂಚೆ ಕತ್ತರಿ ಸಾರ್ ಅವಳ ಕತೆಯನ್ನು ಕೇಳಿ ತೆಗೆದುಕೊಂಡರು. ನಿಯಮ ಮುರಿಯುತ್ತಿದ್ದೇನೆ ಎಂದೂ ಹೇಳಿದರು. ಯಂತ್ರದ ಅಳತೆ ಕೊಡಲು ಮತ್ತೆ ಬಂದಾಗ ಕತೆ ವಾಪಸಾಯಿತು. ಪುಟ ಪುಟವೂ ಪೆನ್ಸಿಲಿನಿಂದ ಕಪ್ಪಾಗಿತ್ತು. ಅವಳು ಅಷ್ಟು ಹೆದರಿದ್ದ ಮಾತು ಕೊನೆಗೂ ಬಂತು.

"ಎಬ್ಬಿಸಿದ್ರೆ ಆ ಹೆಂಡತಿ ಏನು ಮಾಡ್ತಾಳೆ ಅಂತ ಯೋಚನೆ ಮಾಡೋಕೆ ನಿಮಗೆ ಭಯ. ಅದಕ್ಕೇ ಮಲಗಿಸಿಬಿಟ್ರಿ. ಕಾವಲಿನವಳಿಗೆ ಧೈರ್ಯ ಇತ್ತು, ನಿಮಗಿಲ್ಲ" ಎಂದರು.

ಅವಳು ತಲೆ ತಗ್ಗಿಸಿ ಕೇಳಿದಳು. ಅತ್ತುಬಿಡುತ್ತೇನೆ ಅಂದುಕೊಂಡಿದ್ದಳು, ಅಳು ಬರಲಿಲ್ಲ. ಕೊನೆಯ ಪುಟ ತೆಗೆದು ಪೆನ್ಸಿಲಿನ ಗುರುತುಗಳನ್ನು ಓದತೊಡಗಿದಳು.

ಪುಟ್ಟ ಟೀಚರನ್ನು ಕರೆತರುವ ಹೊಣೆ ಅವಳೇ ಹೊತ್ತಳು. ಶಿಶುವಿಹಾರ ಬಿಡುವ ಹೊತ್ತಿಗೆ ಗೇಟಿನ ಬಳಿ ಕಾದಳು. ಹುಡುಗಿ ಮಕ್ಕಳ ಷೂ ಜೋಡಿಸುತ್ತ, ಬರಲು ಆಗುವುದಿಲ್ಲ, ಪುರುಸೊತ್ತಿಲ್ಲ ಎಂದಳು. ಒಂದೇ ಒಂದು ಸಲ ಬಂದು ಕೂತು ಹೋಗಿ, ಓದಬೇಕಾಗಿಲ್ಲ ಎಂದು ಇವಳು ಗೋಗರೆದಳು. ಯಾಕೆ ಇಷ್ಟು ಒತ್ತಾಯ ಎಂದಾಗ ಕಾರಣ ಹೇಳುವಂತಿರಲಿಲ್ಲ, ಮಾತು ಕೊಟ್ಟಾಗಿತ್ತು. ಅಡಕತ್ತರಿಯ ನಡುವೆ ಸಿಕ್ಕಿಕೊಂಡವಳ ಹಾಗೆ ಏನೇನೋ ತೊದಲಿದಳು. ತನ್ನ ಮೇಲೆ ಕನಿಕರ ತೋರಿಸಲು ಬಂದಿದ್ದಾಳೆ ಎಂದು ಹುಡುಗಿ ತಿಳಿದಿರಬೇಕು, ಮುಖ ಗಂಟಿಕ್ಕಿಕೊಂಡಿತು. ಆದರೂ ಶನಿವಾರ ಬಂದಳು. ಬಾಗಿಲ ಪಕ್ಕ, ಬೇಕಾದರೆ ಥಟ್ಟನೆ ಎದ್ದುಹೋಗಬಹುದಾದ ಜಾಗದಲ್ಲಿ ಕೂತಳು.

ಅಂದು ಯಜಮಾನನ ಡ್ರ್ಯಾಗನ್ ಕತೆ. ಕತ್ತರಿ ಸಾರ್ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಅದರೊಳಗೆ ಏನಿದೆ ಎಂದು ಕಿವಿ ಮೇಡಂಗೆ ಮಾತ್ರ ಗೊತ್ತಿತ್ತು. ಅವಳಿಗೆ ಕತೆಯ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ. ಬಟ್ಟೆ ಯಂತ್ರಕ್ಕೆ ಒತ್ತಿದರೆ ಅದು ಕೂಗುತ್ತದೆ ಎಂದು ಅವರಿಗೆ ಹೇಳಿದ್ದೆನೋ ಇಲ್ಲವೋ? ಹೇಳಿದ್ದೆ. ಹೇಳಿದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ?

ಡ್ರ್ಯಾಗನ್ ಕಣಿವೆಗೆ ಇಳಿಯುವ ಹೊತ್ತಿಗೆ ಕೋಣೆಯಲ್ಲಿ ಸಣ್ಣಗೆ ಶಿಳ್ಳೆ ಕೇಳಿಸಿತು. ಯಜಮಾನ ಓದುವುದು ನಿಲ್ಲಿಸಿದ. ಯಾರದೋ ಫೋನು ಇರಬೇಕೆಂದು ಎಲ್ಲರೂ ಚೀಲ ತಡಕಿದರು. ಔಷಧಿ ಅಂಗಡಿಯವನು ಮೇಜಿನ ಕೆಳಗೆ ಬಗ್ಗಿ ನೋಡಿದ. ಶಿಳ್ಳೆ ಜೋರಾಯಿತು. ಕತ್ತರಿ ಸಾರ್ ಎಲ್ಲರ ಹಾಗೆ ತಾವೂ ಅತ್ತಿತ್ತ ನೋಡುತ್ತಿದ್ದರು. ಅಷ್ಟು ಕೀರಲು ದನಿ ಯಂತ್ರವಿದ್ದೂ ಅವರಿಗೆ ಕೇಳಿಸುವಂತಿರಲಿಲ್ಲ. ಅವಳು ಎದ್ದು ಹೋಗಿ ಹೇಳಲೂ ಆರದೆ, ಕೂತಿರಲೂ ಆರದೆ, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಅವರ ಕಣ್ಣು ಅವಳ ಮುಖಕ್ಕೆ ಬಂದು ನಿಂತಿತು. ಅವಳು ಕಣ್ಣು ತಪ್ಪಿಸಲಿಲ್ಲ. ಅವರ ಕೈ ಮೆಲ್ಲಗೆ ಮಫ್ಲರಿಗೆ ಹೋಯಿತು.

"ಹುಡುಕಬೇಡಿ. ಅದು ನಾನು" ಎಂದರು.

ಮಫ್ಲರ್ ಬಿಚ್ಚಿದರು. ಶಿಳ್ಳೆ ನಿಂತಿತು. ಅವರು ಎದ್ದು ನಿಂತು, ಬಾಗಿಲ ಕಡೆಗೆ ತಿರುಗಿದರು.

"ಟೀಚರ್, ನಿಮ್ಮ ಕತೆ ನಾನು ಕೇಳಲೇ ಇಲ್ಲ. ಕೇಳದೆ ತೀರ್ಪು ಕೊಟ್ಟೆ. ನಿಮ್ಮದಷ್ಟೇ ಅಲ್ಲ, ಎಷ್ಟೋ ಜನರದು. ಇನ್ನು ಮೇಲೆ ಕಾಗದದ ಮೇಲೆ ಕೊಟ್ರೆ ಓದ್ತೀನಿ. ಕೊಡಲೇಬೇಕು ಅಂತೇನಿಲ್ಲ."

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಯಜಮಾನನಂತೂ ಎದುರಿನ ಲಾರಿ ನೋಡದ ಕಲಿಯುವವನಿಗೆ ಕೂಗುವ ಹಾಗೆ, ಪರವಾಗಿಲ್ಲ ಸಾರ್ ಎಂದು ಅವರ ಕಿವಿಯಲ್ಲೇ ಕೂಗಿದ. ಯಂತ್ರದ ಏಟಿಗೆ ಕತ್ತರಿ ಸಾರ್ ಬೆಚ್ಚಿಬಿದ್ದರು. ಕೂಗಬಾರದು, ಎದುರು ನಿಂತು ಬಿಡಿಸಿ ಹೇಳಬೇಕು, ಒಬ್ಬೊಬ್ಬರಾಗಿ ಹೇಳಬೇಕು ಎಂದು ಕಿವಿ ಮೇಡಂ ತಿಳಿಸಿ ಕೊಟ್ಟಳು. ಅದನ್ನು ಹೇಳುವಾಗ ತಾನು ಅಷ್ಟು ಜನರ ಮುಂದೆ ನಿಂತಿದ್ದೇನೆಂಬುದು ಅವಳಿಗೆ ನೆನಪೇ ಆಗಲಿಲ್ಲ. ಪ್ರತಿ ಹಂಚುವುದು ಎಂದು ನಿಯಮ ಬದಲಾಯಿತು. ಯಜಮಾನನ ಕೈಯಿಂದ ಕತೆ ಇಸಕೊಂಡು ಓದಿ, ನಡುವಿನ ಎರಡು ಪುಟ ದಂಡ, ಡ್ರ್ಯಾಗನ್ ನೇರವಾಗಿ ಕಣಿವೆಗೆ ಬರಲಿ ಎಂದು ಕತ್ತರಿ ಸಾರ್ ಹೇಳಿದರು. ಯಜಮಾನನ ಮುಖ ಬಾಡಿತು. ಆದರೆ ಉಳಿದವರಿಗೆ ಒಂಥರಾ ನೆಮ್ಮದಿಯಾಯಿತು.

ಹೊರಡುವಾಗ ಮೆಟ್ಟಿಲ ಮೇಲೆ ಪುಟ್ಟ ಟೀಚರ್ ಅವಳಿಗಾಗಿ ನಿಂತಿದ್ದಳು.

"ಯಂತ್ರ ಹಾಕಿದ್ದು ನೀವೇ ಅಲ್ವಾ, ಅಕ್ಕ?"

ಹೌದೆಂದಳು.

"ನನ್ನ ಕತೆ ಅವರಿಗೆ ಕೇಳಿಸಿಲ್ಲ ಅಂತ ನಿಮಗೆ ಆವತ್ತೇ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು. ಅಂದು ಇದ್ದದ್ದು ಬರೀ ಅನುಮಾನ. ಮಾತು ಕೊಟ್ಟಿದ್ದೆ ಎಂದೂ ಹೇಳಬಹುದಿತ್ತು. ಆದರೆ ಮಾತು ಕೊಟ್ಟದ್ದು ಆಮೇಲೆ. ಅದಕ್ಕೆ ಮೊದಲು ಅವಳು ಬಾಯಿ ಮುಚ್ಚಿಕೊಂಡಿದ್ದುದು ತನ್ನ ಕತೆಯ ಚಿಂತೆಯಲ್ಲಿ.

"ಅನುಮಾನ ಬಂದಿತ್ತು. ಮುಂದಿನ ಸಭೆಗೆ ಖಾತ್ರಿಯಾಯ್ತು" ಎಂದಳು.

ಹುಡುಗಿ ಎರಡು ಮೆಟ್ಟಿಲು ಇಳಿದು ನಿಂತಳು. "ಆವತ್ತಿಂದ ನಾನು ಒಂದು ಸಾಲೂ ಬರೆದಿಲ್ಲ. ಮಕ್ಕಳಿಗೆ ಕತೆ ಹೇಳೋವಾಗಲೂ ದನಿ ಇದೆಯಾ ಇಲ್ವಾ ಅಂತ ನನಗೆ ನಾನೇ ಕೇಳಿಸ್ಕೊಳ್ತಿದ್ದೆ. ನನಗೊಬ್ಬಳಿಗೆ ಹೇಳಬಹುದಿತ್ತು."

"ಹೇಳಬಹುದಿತ್ತು" ಎಂದಳು ಅವಳು. ಅದಕ್ಕಿಂತ ಹೆಚ್ಚಿಗೆ ಹೇಳಲು ಏನೂ ಸಿಗಲಿಲ್ಲ.

ಪುಟ್ಟ ಟೀಚರ್ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. ಮುಂದಿನ ತಿಂಗಳು ಯಾರ ಪಾಳಿ ಎಂದು ವಿಚಾರಿಸಿದಳು. ಯಾರದೂ ಇಲ್ಲ ಎಂದು ತಿಳಿದ ಮೇಲೆ, ನೋಡೋಣ ಎಂದಳು. ನೋಡೋಣ ಎಂದರೆ ಬರುತ್ತೇನೆ ಎಂದೋ, ಇಲ್ಲವೆಂದೋ ತಿಳಿಯಲಿಲ್ಲ. ಬಸ್ಸು ಬಂತು, ಹುಡುಗಿ ಹಿಂದಿರುಗಿ ನೋಡದೆ ಹತ್ತಿದಳು. ಕಿವಿ ಮೇಡಂ ತನ್ನ ಬಸ್ಸಿಗಾಗಿ ಕಾಯುತ್ತ, 'ನೋಡೋಣ' ಎಂಬ ಆ ಒಂದು ಮಾತನ್ನು ಮನಸ್ಸಿನಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡುತ್ತ ನಿಂತಳು.